ಬಣ್ಣ ಬೇಡದ ಸ್ಕ್ರಿಪ್ಟಣ್ಣ
ಏ, ರಸ್ತೆಯ ಆಚೆ ಬದಿಯವರೇ, ಸ್ವಲ್ಪ ನಿಲ್ಲಿ, ನಮ್ಮ ಆಫೀಸಿನ ಸ್ಕ್ರಿಪ್ಟಣ್ಣನ ವಿಷಯ ಕೇಳಿಕೊಂಡು ಹೋಗಿ! ನಾವು ಬರೆಯುವ ಕೋಡಿನಲ್ಲಿ ಯಾವ ಫೈಲು ಬದಲಾಯಿತು ಎಂದು ಗಿಟ್ ಎಂಬ ತಂತ್ರಾಂಶ ಹೇಳುತ್ತದೆ. ಅದನ್ನು ಓದಿ ಮುಂದಿನ ಕೆಲಸ ತಾವೇ ಮಾಡುವ ಸ್ಕ್ರಿಪ್ಟುಗಳನ್ನು ಇವನು ಬರೆಯುತ್ತಾನೆ. ಹಿಂದೊಮ್ಮೆ ಗಿಟ್ ಫೈಲಿನ ಹೆಸರಿಗೆ ಕೆಂಪು ಬಣ್ಣ ಹಚ್ಚಿ, ಮುಂದೇನು ಮಾಡಬೇಕೆಂಬ ಉಪದೇಶವನ್ನೂ ಸೇರಿಸಿ ಕೊಟ್ಟಾಗ, ಸ್ಕ್ರಿಪ್ಟು ಬಣ್ಣದ ಗುರುತನ್ನೂ ಹೆಸರೆಂದೇ ಓದಿ, ಅಂಥ ಫೈಲೇ ಇಲ್ಲವೆಂದು ಬಿಟ್ಟುಬಿಟ್ಟಿತ್ತು. ಅಂದಿನಿಂದ "ಬಣ್ಣ ಬೇಡ, ಉಪದೇಶ ಬೇಡ, ಸಾಲಿಗೊಂದು ಹೆಸರು ಕೊಡು ಸಾಕು" ಎಂಬುದೇ ಅವನ ಜಪ. ಮನುಷ್ಯರಿಗೂ ಅದೇ ಕಾನೂನು. ರಜೆ ಕೇಳಲು ಹೋದರೆ "ಪೀಠಿಕೆ ಬಿಡೋ ಮಾರಾಯ, ಯಾವತ್ತು ಬೇಕು?" ಎನ್ನುತ್ತಾನೆ. ಟೀ ಹೇಗಿದೆ ಎಂದರೆ "ಬಿಸಿ" ಎನ್ನುತ್ತಾನೆ, ಅಷ್ಟೇ. ಇವತ್ತು ಸಂಜೆ ಅವನ ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಬಡಿದ ಮೇಲೆ ಅವನ ಅಪ್ಪನಿಗೆ ಬೇಕಾದ ಮಾತು ಸಿಗುವುದಿಲ್ಲ, ಬೇರೇನೋ ಬಾಯಿಗೆ ಬರುತ್ತದೆ. ಅಪ್ಪ ಬೆಳಗಿನಿಂದ ನೋವಿನಲ್ಲಿ ನರಳುತ್ತಿದ್ದರು. ಎಲ್ಲಿ ನೋವು ಎಂದು ತಿಳಿಯದೆ ಅವನ ಅಕ್ಕ ಸೋತಿದ್ದಳು. "ಬಸ್ಸು... ಬಾಗಿಲು... ಆ ಮಳೆ..." ಎಂದರು ಅಪ್ಪ. "ಹೂಂ ಅಪ್ಪಾ, ಆಮೇಲೆ?" ಎಂದ ಸ್ಕ್ರಿಪ್ಟಣ್ಣ. "ಸುಮ್ನೆ ಕೈಯಲ್ಲಿ ತೋರ್ಸೋಕೆ ಹೇಳೋ," ಎಂದಳು ಅಕ್ಕ. "ಅವರು ಹೇಳ್ಲಿ ಬಿಡೇ, ನಂಗೇನು ಅವಸರ?" ಎಂದು ಅವನು ಕುರ್ಚಿ ಹತ್ತಿರಕ್ಕೆಳೆದು, ಒಂದು ಮಾತನ್ನೂ ತಡೆಯದೆ ಕೇಳಿದ. ಬಾಗಿಲು ಎಂದಾಗೆಲ್ಲ ಅಪ್ಪನ ದವಡೆ ಬಿಗಿಯುವುದನ್ನು ಕಂಡವನೇ, ಮೆಲ್ಲಗೆ ಬಾಯಿ ತೆರೆಸಿ, ಒಸಡಿಗೆ ಒತ್ತುತ್ತಿದ್ದ ಹಲ್ಲುಸೆಟ್ಟನ್ನು ತೆಗೆದು ತೊಳೆಯಲು ಒಯ್ದ.