ತುರುಸ್ಬೆಕನಿಗೆ ಹಾಕಿಸಿದ ಕಟ್ಟು

ತುರುಸ್ಬೆಕನ ಹೆಣ್ಣುಕುದುರೆಗಳು ಮರಿ ಹಾಕಿದ ಸುದ್ದಿ ಕೇಳಿ ಕಿರ್ಗೀಜರ ಸೂಸಾಮೀರ್ ಕಣಿವೆಯಲ್ಲಿ ಎಲ್ಲರೂ ಒಳ್ಳೆಯದಾಯಿತು ಅಂದರು. ಅವನ ಹೆಂಡತಿ ಸೈರಾಕನ್‌ಗೆ ಮಾತ್ರ ಎದೆ ಧಸಕ್ಕೆಂದಿತು. ಕುದುರೆ ಹಾಲು ಕರೆದರೆ ಅದನ್ನು ಹುಳಿಬರಿಸಿ, ತುಸು ಮತ್ತೇರಿಸುವ ಕಿಮಿಜ್ ಮಾಡಬೇಕು. ವರ್ಷದ ಮೊದಲ ಕಿಮಿಜ್ ಆದ ದಿನ ನೆಂಟರನ್ನೂ ನೆರೆಹೊರೆಯವರನ್ನೂ ಗುಡಾರಕ್ಕೆ ಕರೆಯಬೇಕು. ಹಿರಿಯರು ಹರಸಿಕೊಟ್ಟ ಮೊದಲ ಬಟ್ಟಲನ್ನು ಕುದುರೆಯ ಒಡೆಯನೇ ಕುಡಿಯಬೇಕು. ಒಲ್ಲೆ ಅಂದರೆ ತನ್ನ ಮಂದೆಗೆ ತಾನೇ ಶಾಪ ಹಾಕಿಕೊಂಡಂತೆ.

ತುರುಸ್ಬೆಕ್ ಒಂದು ಕಾಲಕ್ಕೆ ಎಂಥ ಪುಂಡ ಕುದುರೆಯನ್ನೂ ಪಳಗಿಸುತ್ತಿದ್ದ ಗಂಡಸು. ಆಮೇಲೆ ವೋಡ್ಕಾ ಅವನನ್ನೇ ಪಳಗಿಸಿತು. ಇದ್ದ ಕುದುರೆಗಳೆಲ್ಲ ಒಂದೊಂದಾಗಿ ಬಾಟಲಿಗೆ ಹೋದವು. ಕೊನೆಗೆ ಅಪ್ಪನ ಕಾಲದ ಬೆಳ್ಳಿಕಟ್ಟಿನ ಜೀನು ಉಳಿದಿತ್ತು. ಅದನ್ನು ಹೆಗಲ ಮೇಲೆ ಹೊತ್ತು, ಹಿಮ ತುಳಿಯುತ್ತ, ದಾರಿಯುದ್ದಕ್ಕೂ ಅಳುತ್ತ ಹೋಗಿ ಕೊಟ್ಟು ಬಂದಿದ್ದ. ಆ ಅಳು ಸೈರಾಕನ್‌ಳ ಕಿವಿಯಿಂದ ಇನ್ನೂ ಹೋಗಿಲ್ಲ.

ಕುಡುಕನ ಬಗ್ಗೆ ತೀರ್ಪು ಕೊಡುವವರಿಗೆ ಈ ಕಣಿವೆಯಲ್ಲಿ ಬರವಿಲ್ಲ. ತುರುಸ್ಬೆಕನ ಅಣ್ಣ ಅಸನಾಲಿಗಂತೂ ಅದೇ ಉದ್ಯೋಗ. ರೋಗವೂ ಇಲ್ಲ ಮಣ್ಣೂ ಇಲ್ಲ, ಬೇಕು ಅಂತಲೇ ಕುಡಿಯುತ್ತಾನೆ, ಬೇಡ ಅಂದುಕೊಂಡರೆ ನಾಳೆಯೇ ಬಿಟ್ಟಾನು ಎಂದು ಚಹಾ ಹೀರುತ್ತ ಹೇಳುತ್ತಿದ್ದ. ಕಣಿವೆಯ ದಾದಿ ಅದು ಸಕ್ಕರೆ ಕಾಯಿಲೆಯ ಹಾಗೇ ಒಂದು ಕಾಯಿಲೆ ಎನ್ನುತ್ತಿದ್ದಳು. ಸೈರಾಕನ್ ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದಳು, ಒಳಗೊಳಗೇ ಎರಡನ್ನೂ ಒಪ್ಪುತ್ತಿರಲಿಲ್ಲ. ಬೇಕು ಅಂತ ಮಾಡುವವನು ಅಳುತ್ತ ಹೋಗುತ್ತಾನೆಯೇ? ರೋಗವೇ ಆಗಿದ್ದರೆ ಹೆದರಿಸಿದ ಮಾತ್ರಕ್ಕೆ ಬಿಟ್ಟುಹೋಗುತ್ತದೆಯೇ?

ಬಿಟ್ಟುಹೋಗಿದ್ದಂತೂ ನಿಜ. ಪೇಟೆಯ ವೈದ್ಯನೊಬ್ಬ ಕುಡುಕರಿಗೆ ಕಟ್ಟು ಹಾಕುತ್ತಾನೆಂದು ಕೇಳಿ ಅವಳೇ ಗಂಡನನ್ನು ಕರೆದೊಯ್ದಿದ್ದಳು. ವೈದ್ಯ ತೋಳಿಗೆ ಸೂಜಿ ಚುಚ್ಚಿ, ಇನ್ನು ಒಂದು ಗುಟುಕು ಒಳಗಿಳಿದರೂ ಎದೆ ಒಡೆದು ಸಾಯುತ್ತೀಯ, ಬಿಯರೂ ಬೇಡ, ಕಿಮಿಜೂ ಬೇಡ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ತುರುಸ್ಬೆಕ್ ಬೆವರಿಬಿಟ್ಟ. ಅವನು ಹೊರಗೆ ಹೋದಮೇಲೆ ವೈದ್ಯ ಸೈರಾಕನ್‌ಳನ್ನು ಹತ್ತಿರ ಕರೆದ.

"ಸೂಜೀಲಿ ಇದ್ದದ್ದು ಬರೀ ಉಪ್ಪುನೀರು ಕಣಮ್ಮ. ಅವನ ಹೆದರಿಕೇನೇ ಔಷಧಿ. ನೀನು ಬಾಯಿಬಿಟ್ಟ ದಿನ ಔಷಧಿ ಚೆಲ್ಲಿಹೋಯ್ತು ಅಂತ ತಿಳ್ಕೊ."

ಅವಳು ಬಾಯಿ ಬಿಡಲಿಲ್ಲ. ಗುಮ್ಮನನ್ನು ತೋರಿಸಿ ಮಗುವನ್ನು ಮಲಗಿಸುವ ತಾಯಿಯ ಹಾಗೆ ಗಂಡನನ್ನು ಕಾದಳು. ತುರುಸ್ಬೆಕ್ ಪರರ ಕುದುರೆ ಕಾಯ್ದು, ಕೂಲಿಗೆ ಮರಿ ಪಡೆದು, ಅವನ್ನು ಸಾಕಿ ಮತ್ತೆ ಮಂದೆ ಕಟ್ಟಿದ. ಕುಡಿತ ಬಿಟ್ಟದ್ದರಿಂದ ಕುದುರೆ ಬಂತು, ಕುದುರೆಯಿಂದ ಕಿಮಿಜ್ ಬಂತು. ಹೊರಟಲ್ಲಿಗೇ ಬಂದು ನಿಂತಂತಾಯಿತು. ಕುಡಿಯದಿದ್ದರೆ ಮಂದೆಗೆ ಶಾಪ, ಕುಡಿದೂ ಬದುಕಿದರೆ ಕಟ್ಟಿನ ಗುಟ್ಟು ಬಯಲು.

ಮೊದಲ ಕಿಮಿಜ್‌ನ ದಿನ ಅವಳು ಒಂದು ಉಪಾಯ ಹೂಡಿದಳು. ಕುದುರೆಯೊಂದು ತಪ್ಪಿಸಿಕೊಂಡಿದೆ ಎಂದು ಹೇಳಿ ಗಂಡನನ್ನು ಬೆಳಗ್ಗೆಯೇ ಗುಡ್ಡಕ್ಕೆ ಅಟ್ಟಿದಳು. ಅಸನಾಲಿ ಸುಮ್ಮನಿರುವ ಪೈಕಿಯೇ? ಗುಡ್ಡ ಹತ್ತಿ ತಮ್ಮನನ್ನು ಎಳೆದುಕೊಂಡೇ ಬಂದ.

ಗುಡಾರದೊಳಗೆ ಕಣಿವೆಗೇ ಹಿರಿಯನಾದ ಶೆರಾಲಿ ಅಜ್ಜ ಬಟ್ಟಲು ಹಿಡಿದು ಹರಸಿದ. ಎಲ್ಲರೂ ಆಮೀನ್ ಎಂದು ಅಂಗೈಯಿಂದ ಮುಖ ಸವರಿಕೊಂಡರು. ತುರುಸ್ಬೆಕ್ ಕೈ ಚಾಚಲಿಲ್ಲ.

"ಕಿಮಿಜ್ ಕುಡಿತ ಅಲ್ಲ ಮಗಾ, ಅದು ಊಟ," ಅಂದ ಅಜ್ಜ. "ಹಾಲು ಕುಡಿದು ಸತ್ತ ಕಿರ್ಗೀಜನ್ನ ನಾನಂತೂ ನೋಡಿಲ್ಲ."

"ಹೆಂಡತಿ ಹಾಕಿಸಿದ ಕಟ್ಟು, ಬಿಚ್ಚೋಕೆ ಅವಳ ಅಪ್ಪಣೆ ಬೇಕು," ಅಂದ ಅಸನಾಲಿ. "ಕೇಳ್ಕೊಂಡು ಬಾ ಹೋಗೋ."

ಗುಡಾರವೆಲ್ಲ ನಕ್ಕಿತು. ತುರುಸ್ಬೆಕ್ ಹೆಂಡತಿಯ ಮುಖ ನೋಡಿದ. ಸೈರಾಕನ್ ಬಗ್ಗಿ ಒಲೆಯ ಬೆಂಕಿ ಕೆದಕಿದಳು. ಅವನು ಹಗ್ಗಕ್ಕೆ ಕಟ್ಟಿದ್ದ ತನ್ನ ಮರಿಗಳ ಕಡೆ ಬಾಗಿಲಿನಿಂದ ಒಮ್ಮೆ ಕಣ್ಣು ಹಾಯಿಸಿ, ಬಟ್ಟಲು ತೆಗೆದುಕೊಂಡು, ಒಂದೇ ಉಸಿರಿಗೆ ಬರಿದುಮಾಡಿದ.

ನೆಂಟರು ಹಾಡು ಶುರುಮಾಡುವ ಹೊತ್ತಿಗೆ ಅವನು ಹಿಂದಿನ ಸಣ್ಣ ಗುಡಾರದಲ್ಲಿ ಮಲಗಿದ್ದ. ತುಟಿ ನೀಲಿಗಟ್ಟಿತ್ತು, ಅಂಗಿ ತೊಯ್ದು ತೊಪ್ಪೆಯಾಗಿತ್ತು. ಎದೆ ಹಿಂಡುತ್ತಿದೆ ಅಂದ. ಬಿಳಿ ಕುದುರೆಯನ್ನು ಮಾರಬೇಡ, ಅದರ ಮರಿ ಗಟ್ಟಿ ಇದೆ ಅಂದ.

ಸೈರಾಕನ್‌ಗೆ ದಿಕ್ಕೇ ತೋಚಲಿಲ್ಲ. ಉಪ್ಪುನೀರು ಕಣ್ರೀ, ಏನೂ ಆಗಲ್ಲ ಅನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಆಡಿದರೆ ಈ ಹೊತ್ತು ಗಂಡ ಉಳಿಯುತ್ತಾನೆ, ನಾಳೆ ವೋಡ್ಕಾ ಅವನನ್ನು ಕೊಂಡೊಯ್ಯುತ್ತದೆ. ಆಡದಿದ್ದರೆ ಹೆದರಿಕೆಯಿಂದಲೇ ಎದೆ ನಿಂತೀತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಒಲೆಯ ಬಳಿ ಓಡಿ, ತಲೆನೋವಿನ ಮಾತ್ರೆಯೊಂದನ್ನು ಪುಡಿಮಾಡಿ, ಕಹಿ ಮಾಚಿಪತ್ರೆಯ ಕಷಾಯದಲ್ಲಿ ಕಲಸಿ ತಂದಳು.

"ಕುಡೀರಿ. ಆ ಡಾಕ್ಟರೇ ಕೊಟ್ಟಿದ್ದು. ಜೀವಕ್ಕೆ ಬಂದಾಗ ಮಾತ್ರ ಅಂದಿದ್ರು, ಅದೂ ಒಂದೇ ಸಲ."

ಅವನು ಮುಖ ಕಿವಿಚಿಕೊಂಡು ಕುಡಿದ. ಅವಳು ಅವನ ಕೈ ಹಿಡಿದು ಕೂತಳು. ಆಚೆ ನೆಂಟರ ಹಾಡು ಮುಗಿಯುವಷ್ಟರಲ್ಲಿ ತುಟಿಗೆ ರಕ್ತ ಬಂತು, ಉಸಿರು ಹದಕ್ಕೆ ಬಂತು. ಸೈರಾಕನ್ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಳು ಕೂಡ.

ಸಂಜೆ ಹಾಲು ಕರೆಯುವ ಹೊತ್ತಿಗೆ ನೆಂಟರೆಲ್ಲ ಹೋಗಿದ್ದರು. ತುರುಸ್ಬೆಕ್ ಮರಿಯನ್ನು ಹಿಡಿದುಕೊಂಡಿದ್ದ, ಸೈರಾಕನ್ ಬಿಳಿ ಕುದುರೆಯ ಕೆಚ್ಚಲಿಗೆ ಬಾಗಿದ್ದಳು. ಅವನು ಸಿಳ್ಳೆ ಹಾಕುತ್ತಿದ್ದ. ಎಷ್ಟೋ ವರ್ಷದಿಂದ ಕೇಳದ ಸಿಳ್ಳೆ ಅದು, ಅವಳಿಗೆ ಯಾಕೋ ಹಿಡಿಸಲಿಲ್ಲ.

"ಸೈರಾ, ಆ ಮದ್ದು ಇನ್ನೂ ಇದೆಯಾ?"

"ಇಲ್ಲ. ಒಂದೇ ಸಲಕ್ಕೆ ಅಂತ ಹೇಳಿದ್ನಲ್ಲ."

"ಇರಲಿ ಬಿಡು," ಅಂದ ಅವನು ಮರಿಯ ಕುತ್ತಿಗೆ ನೇವರಿಸುತ್ತ. ದನಿ ಮೆತ್ತಗಿತ್ತು. ಹಿಂದೆ ಒಂದು ಚಳಿಗಾಲದಲ್ಲಿ ಜೀನನ್ನು ಹೆಗಲಿಗೇರಿಸುವ ಮುನ್ನ, ಅದನ್ನು ಸ್ವಲ್ಪ ಒರೆಸಿಕೊಡು ಅಂದಿದ್ದಾಗಲೂ ಹೀಗೇ ಮೆತ್ತಗಿತ್ತು. "ನಾಳೆ ನಾನೇ ಪೇಟೆಗೆ ಹೋಗಿ ಆ ಡಾಕ್ಟರ ಹತ್ರ ಒಂದಷ್ಟು ತಂದಿಡ್ತೀನಿ. ಮನೇಲಿದ್ರೆ ಒಳ್ಳೇದು, ಯಾವತ್ತಾದ್ರೂ ಒಂದು ಗುಟುಕು ಒಳಗಿಳಿದ್ರೂ ಹೆದರಿಕೆ ಇರಲ್ಲ."

ಅವಳು ಕೆಚ್ಚಲು ಹಿಡಿದ ಕೈಯನ್ನು ಬಿಡಲಿಲ್ಲ, ಕರೆಯಲೂ ಇಲ್ಲ. ಕುದುರೆ ತಿರುಗಿ ಅವಳನ್ನು ನೋಡಿತು.