ಪ್ರಿಂಟರ್ ಅಣ್ಣನಾಗಿದ್ದ ಗಮನಪ್ಪ

ದೊಡ್ಡಾಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ಗಾಜಿನ ಗೋಡೆಯ ಕೋಣೆಯೊಳಗೆ ಕೂರುವ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಬಾಗಿಲ ಫಲಕದ ಮೇಲಿತ್ತು, ಸಂಬಳದ ಚೀಟಿಯಲ್ಲಿತ್ತು, ಜನರ ಬಾಯಲ್ಲಿ ಮಾತ್ರ ಇರಲಿಲ್ಲ. ಯಾರು ಏನೇ ದೂರು ಕಳಿಸಲಿ, ಅವರಿಂದ ಬರುತ್ತಿದ್ದದ್ದು ಒಂದೇ ಉತ್ತರ: ‘ಗಮನಕ್ಕೆ ಬಂದಿದೆ.’ ಹೀಗಾಗಿ ಕೆಳಗಿನ ಮೂರು ಮಹಡಿಯವರೂ ಸೇರಿ ಅವರನ್ನು ಗಮನಪ್ಪ ಮಾಡಿಬಿಟ್ಟಿದ್ದರು. ನಾವೂ ಹಾಗೇ ಕರೆಯೋಣ, ಅವರೇನೂ ಬೇಸರ ಮಾಡಿಕೊಳ್ಳುವ ಪೈಕಿಯಲ್ಲ.

ಮನುಷ್ಯ ಒಳ್ಳೆಯವರೇ. ಚಿಕ್ಕದೊಂದು ಆಸ್ಪತ್ರೆಯಲ್ಲಿ ವಾರ್ಡಿನಿಂದ ವಾರ್ಡಿಗೆ ವೈರು ಎಳೆಯುತ್ತಾ ಕೆಲಸ ಕಲಿತವರು. ಅಲ್ಲಿನ ನರ್ಸುಗಳು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು: “ಏನಪ್ಪಾ, ನಿನ್ನ ಕಂಪ್ಯೂಟರು ನಮ್ಮ ಕೆಲ್ಸ ಕಡಿಮೆ ಮಾಡೋಕ್ಕೆ ಬಂದಿದ್ಯೋ, ಜಾಸ್ತಿ ಮಾಡೋಕ್ಕೋ?” ಅವರು ತಲೆ ಕೆರೆದುಕೊಂಡು ಸರಿಮಾಡಿ ಕೊಡುತ್ತಿದ್ದರು. ಮೇಲೇರುತ್ತಾ ಹೋದಂತೆ ಬೈಗುಳ ಕಡಿಮೆಯಾಯಿತು. ದೊಡ್ಡಾಸ್ಪತ್ರೆಗೆ ಮುಖ್ಯಸ್ಥರಾಗಿ ಬಂದ ಮೇಲಂತೂ ಪೂರ್ತಿ ನಿಂತೇಹೋಯಿತು. ಬೈಗುಳ ನಿಂತರೆ ಎಲ್ಲವೂ ಚೆನ್ನಾಗಿದೆ ಎಂದು ಬೀಗುವ ಮುಖ್ಯಸ್ಥರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಗಮನಪ್ಪನವರಿಗೆ ಮಾತ್ರ ಹೆದರಿಕೆಯಾಗುತ್ತಿತ್ತು.

ಈ ಹೆದರಿಕೆಗೆ ಮದ್ದೆಂದು ಅವರೊಂದು ವೇದಿಕೆ ಮಾಡಿಸಿದರು. ಆಸ್ಪತ್ರೆಯವರಿಗೆಂದೇ ಮೀಸಲಾದ ಸೋಷಿಯಲ್ ಮೀಡಿಯಾ ಅನ್ನಿ. ಆಯಾ ಇರಲಿ, ಡಾಕ್ಟರ್ ಇರಲಿ, ಯಾರು ಬೇಕಾದರೂ ಬರೆಯಬಹುದು. ‘ಮನಸ್ಸು ಬಿಚ್ಚಿ ಮಾತಾಡಿ, ಕೂಡಿ ಕೆಲಸ ಮಾಡೋಣ’ ಎಂದು ಮೇಲುಗಡೆ ದಪ್ಪಕ್ಷರದಲ್ಲಿ ಬರೆಸಿದರು. ಮೊದಲ ದಿನ ನಿರ್ದೇಶಕರು ತಮ್ಮ ಫೋಟೊ ಹಾಕಿದರು, ನೂರಾರು ಮಂದಿ ಚಪ್ಪಾಳೆ ಒತ್ತಿದರು. ಮರುವಾರ ನಿರ್ದೇಶಕರ ಇನ್ನೊಂದು ಫೋಟೊ, ಮತ್ತೆ ಚಪ್ಪಾಳೆ. ಮನಸ್ಸು ಬಿಚ್ಚುವುದಿರಲಿ, ಯಾರೂ ಕತ್ತಿನ ಗುಂಡಿಯನ್ನು ಕೂಡ ಬಿಚ್ಚಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕೆಳಗಿನ ಔಷಧ ವಿಭಾಗದಿಂದ ಫೋನು ಬಂತು. ಪ್ರಿಂಟರ್ ಕಾಗದ ನುಂಗಿ ಕೂತಿದೆ, ರೋಗಿಗಳ ಸಾಲು ಬಾಗಿಲು ದಾಟಿದೆ. ರಿಪೇರಿಯವರು ಊಟಕ್ಕೆ ಹೋಗಿದ್ದರು. ಗಮನಪ್ಪನವರೇ ತೋಳು ಮಡಚಿಕೊಂಡು ಇಳಿದು ಹೋದರು, ನೆಲದ ಮೇಲೆ ಕೂತರು, ಯಂತ್ರದ ಹೊಟ್ಟೆಯಿಂದ ಹರಿದ ಕಾಗದವನ್ನು ಎಳೆದೆಳೆದು ತೆಗೆದರು. ಕೈಯೆಲ್ಲ ಶಾಯಿ, ಹಣೆಯ ಮೇಲೊಂದು ಕಪ್ಪು ಗೀಟು. ಔಷಧ ವಿಭಾಗದಾಕೆ ಆಗಷ್ಟೇ ಕೆಲಸಕ್ಕೆ ಸೇರಿದವಳು, ನಾಲ್ಕನೇ ಮಹಡಿಯನ್ನು ಕಂಡವಳಲ್ಲ. “ದೇವ್ರು ಬಂದ ಹಾಗೆ ಬಂದ್ರಿ ಅಣ್ಣಾ! ನಂಬರ್ ಕೊಟ್ಟಿರಿ, ಮತ್ತೆ ಕೆಟ್ರೆ ನಿಮಗೇ ಮಾಡ್ತೀನಿ” ಎಂದಳು. ಎಷ್ಟೋ ವರ್ಷದ ಮೇಲೆ ಕೆಲಸದ ಜಾಗದಲ್ಲಿ ಯಾರೋ ಅಣ್ಣಾ ಎಂದಿದ್ದರು. ಇವರು ಕರಗಿಹೋಗಿ ತಮ್ಮ ಸ್ವಂತ ನಂಬರನ್ನೇ ಕೊಟ್ಟು ಬಂದರು. ಆಕೆ ಅದನ್ನು ‘ಪ್ರಿಂಟರ್ ಅಣ್ಣ’ ಎಂದು ಉಳಿಸಿಕೊಂಡಳು.

ಸ್ವಲ್ಪ ದಿನಕ್ಕೆ ಅವರ ಮೊಬೈಲು ಟಣ್ ಎಂದಿತು. ‘ತಿರುಗೋ ಚಕ್ರ’ ಎಂಬ ಗುಂಪಿಗೆ ಯಾರೋ ಅವರನ್ನು ಸೇರಿಸಿದ್ದರು. ಕಂಪ್ಯೂಟರ್ ಯೋಚನೆಗೆ ಬಿದ್ದಾಗ ಪರದೆಯ ನಡುವೆ ತಿರುಗುವ ಚಕ್ರವಿದೆಯಲ್ಲ, ಅದರ ಹೆಸರು. ಒಳಗೆ ನರ್ಸುಗಳು, ಪ್ರಯೋಗಾಲಯದವರು, ಕೌಂಟರಿನವರು. ಮೇಲಿನವರಿಗೆ ಪ್ರವೇಶವಿಲ್ಲ. ಗುಂಪು ಕಟ್ಟಿದ್ದ ಔಷಧ ವಿಭಾಗದಾಕೆ ತನಗೆ ಗೊತ್ತಿದ್ದ ಕಷ್ಟಜೀವಿಗಳನ್ನೆಲ್ಲ ಸೇರಿಸುವಾಗ ಪ್ರಿಂಟರ್ ಅಣ್ಣನನ್ನೂ ಸೇರಿಸಿಬಿಟ್ಟಿದ್ದಳು. ಇವರ ಚಿತ್ರದ ಜಾಗದಲ್ಲಿ ಮನೆಯ ಬೆಕ್ಕು ಇತ್ತು, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ತಕ್ಷಣ ಹೊರಗೆ ಬರಬೇಕಿತ್ತು. ಬರುವುದಕ್ಕೆಂದೇ ಬೆರಳು ಎತ್ತಿದರು. ಅಷ್ಟರಲ್ಲಿ ದಾಖಲಾತಿ ಕೌಂಟರಿನಾಕೆಯ ಸಂದೇಶ ಬಂತು: ‘ಹುಟ್ಟಿದ ತಾರೀಖು ಹಾಕದಿದ್ರೆ ಕಂಪ್ಯೂಟರ್ ಮುಂದೆ ಹೋಗಲ್ಲ. ಮುದುಕರಿಗೆ ತಾರೀಖು ಗೊತ್ತಿಲ್ಲ. ಅದಕ್ಕೆ ಎಲ್ರನ್ನೂ ಜನವರಿ ಒಂದಕ್ಕೇ ಹುಟ್ಟಿಸ್ತಾ ಇದೀನಿ. ಇವತ್ತು ಎಂಟು ಹೆರಿಗೆ, ಎಲ್ಲಾ ಮಕ್ಕಳಿಗೂ ಎಪ್ಪತ್ತು ದಾಟಿದೆ. ಗಮನಪ್ಪನೋರ ಗಮನಕ್ಕೆ ಬರದಿರಲಿ.’

ಗಮನಪ್ಪನವರು ಗಾಜಿನ ಕೋಣೆಯಲ್ಲಿ ಒಬ್ಬರೇ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಮುಖ ಸಪ್ಪಗಾಯಿತು. ಆ ತಾರೀಖಿನ ಖಾನೆಯನ್ನು ಕಡ್ಡಾಯ ಮಾಡಿಸಿದ್ದವರು ಅವರೇ. ಮರುದಿನ ಬೆಳಗ್ಗೆಯೇ ಅದರ ಪಕ್ಕ ‘ಅಂದಾಜು ವಯಸ್ಸು’ ಎಂಬ ಖಾನೆ ಬಂತು.

ಇಲ್ಲಿಂದ ರುಚಿ ಹತ್ತಿತು. ಎರಡು ನಿಮಿಷ ಆಚೆ ಹೋದರೆ ಪರದೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ, ಪ್ರತಿಸಲವೂ ಕೈಗವಸು ಬಿಚ್ಚಬೇಕು ಎಂದು ನರ್ಸೊಬ್ಬಳು ಗೊಣಗಿದಳು. ಕುತ್ತಿಗೆಯ ಕಾರ್ಡು ತೋರಿಸಿದರೆ ಸಾಕೆಂಬ ವ್ಯವಸ್ಥೆಯಾಯಿತು. ‘ಉಳಿಸು’ ಮತ್ತು ‘ಅಳಿಸು’ ಬಟನ್ನುಗಳು ಅವಳಿ ಮಕ್ಕಳ ಹಾಗೆ ಅಂಟಿಕೊಂಡಿವೆ ಎಂದು ಪ್ರಯೋಗಾಲಯದವನು ಬೈದ, ಅವು ಬೇರೆ ಬೇರೆ ಮೂಲೆ ಸೇರಿದವು. ಸಂಜೆ ಮನೆಗೆ ಹೋದರೆ ಕೌಂಟರಿನಾಕೆಯ ತಮಾಷೆಗಳನ್ನು ಹೆಂಡತಿಗೆ ಓದಿ ಹೇಳುವುದೇ ಒಂದು ಸಂಭ್ರಮ. ಗಮನಪ್ಪ ಎಂಬ ಹೆಸರು ಆಕೆಯದೇ ಕೊಡುಗೆ ಎಂದೂ ಅಲ್ಲೇ ತಿಳಿಯಿತು. ಇವರಿಗೆ ಸಿಟ್ಟು ಬರುವ ಬದಲು ಆಕೆಯ ಮೇಲೆ ಅಕ್ಕರೆಯೇ ಬಂತು. ಬೈಯುವ ಮಗಳೊಬ್ಬಳು ಮನೆಗೆ ಬಂದಂತಾಗಿತ್ತು.

ಹೆಂಡತಿಗೆ ಪೇಟೆಯಲ್ಲೊಂದು ಬಟ್ಟೆ ಹೊಲಿಯುವ ಅಂಗಡಿಯಿತ್ತು. ಮೊದಮೊದಲು ಆಕೆಯೂ ನಕ್ಕಳು. ಆಮೇಲೊಂದು ದಿನ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: “ನನ್ನ ಅಂಗಡೀಲಿ ಪರದೆ ಹಿಂದೆ ಬಟ್ಟೆ ಹಾಕ್ಕೊಂಡು ನೋಡೋರು ಒಳಗೇ ಗೊಣಗ್ತಾರೆ, ತೋಳು ಬಿಗಿ, ಬೆನ್ನು ಸಡಿಲ ಅಂತ. ಕದ್ದು ಕೇಳಿ ನಾನೂ ಸರಿ ಮಾಡ್ಬೋದು. ಗೊತ್ತಾದ ದಿನ ಒಬ್ರೂ ಆ ಪರದೆ ಹಿಂದೆ ಹೋಗಲ್ಲ ರೀ.”

“ಕೆಟ್ಟದ್ದಕ್ಕೇನು ಕೇಳ್ತಿಲ್ವಲ್ಲ” ಎಂದರು ಇವರು.

“ಕೇಳ್ತಿರೋದಂತೂ ಹೌದಲ್ವಾ?”

ಗಮನಪ್ಪನವರು ಬೆಕ್ಕಿಗೆ ಹಾಲು ಹಾಕಲು ಎದ್ದು ಹೋದರು.

ಕೆಟ್ಟದ್ದು ಬಹಳ ದಿನ ಕಾಯಲಿಲ್ಲ. ಒಂದು ಬೆಳಗ್ಗೆ ಔಷಧ ವಿಭಾಗದಾಕೆ ಬರೆದಳು: ‘ಎರಡು ಔಷಧಿ ಹೆಸರು ಹೆಚ್ಚುಕಮ್ಮಿ ಒಂದೇ ಥರ ಇದೆ, ಪಟ್ಟೀಲಿ ಅಕ್ಕಪಕ್ಕ ಬರುತ್ತೆ, ಇವತ್ತು ತಪ್ಪು ಕೊಡೋದು ಕೂದಲೆಳೆಯಲ್ಲಿ ತಪ್ತು.’ ಗಮನಪ್ಪನವರು ಊಟ ಬಿಟ್ಟು ಕೂತು, ಸಂಜೆಯೊಳಗೆ ಒಂದರ ಬಣ್ಣ ಬದಲಿಸಿದರು. ಒಳ್ಳೆಯ ಕೆಲಸವೇ. ಆದರೆ ಸಂಜೆ ಗುಂಪಿನಲ್ಲಿ ಬಂದ ಪ್ರಶ್ನೆ ಬೇರೆ: ‘ನಾನಿದನ್ನ ಯಾರಿಗೂ ಹೇಳಿರ್ಲಿಲ್ಲ. ಇಲ್ಲಿ ಮಾತ್ರ ಬರೆದಿದ್ದೆ. ಮೇಲಿನವರಿಗೆ ಹೇಗೆ ಗೊತ್ತಾಯ್ತು?’

ನೋಡನೋಡುತ್ತ ಗುಂಪು ತಣ್ಣಗಾಯಿತು. ಕಂಪ್ಯೂಟರಿನ ದೂರು ಮೇಲೆ ಹೋಗಿದ್ದರೆ ನರ್ಸುಗಳ ಮೇಲಿನ ಮೇಟ್ರನ್ನನ್ನು ಬೈದದ್ದು, ರಜೆಗೆ ಹೇಳಿದ ಸುಳ್ಳುಗಳು, ಎಲ್ಲವೂ ಹೋಗಿರಬೇಕಲ್ಲ? ಯಾರೋ ನೆನಪು ಮಾಡಿದರು: ಕೌಂಟರಿನಾಕೆಯ ಅತ್ತಿಗೆ ನಾಲ್ಕನೇ ಮಹಡಿಯಲ್ಲೇ ತಾನೇ ಕೆಲಸ ಮಾಡುವುದು? ಅಷ್ಟೇ ಸಾಕಾಯಿತು. ‘ನಾನಲ್ಲ’ ಎಂದು ಆಕೆ ಬರೆದಳು. ಇನ್ನೊಮ್ಮೆ ಬರೆದಳು. ಒಬ್ಬರೂ ಉತ್ತರ ಕೊಡಲಿಲ್ಲ. ಮರುದಿನ ಆಕೆಯನ್ನು ಗುಂಪಿನಿಂದ ತೆಗೆದರು, ತೆಗೆದದ್ದು ಔಷಧ ವಿಭಾಗದಾಕೆಯೇ. ಆಮೇಲಿನ ಮಾತುಗಳು ಇನ್ನೂ ಹೊಲಸು. ಕ್ಯಾಂಟೀನಿನಲ್ಲಿ ಆಕೆ ಬಂದರೆ ಎಲ್ಲರೂ ತಟ್ಟೆ ಎತ್ತಿಕೊಂಡು ಏಳುತ್ತಿದ್ದರಂತೆ, ಆಕೆ ಊರಾಚೆಯ ಶಾಖೆಗೆ ವರ್ಗ ಕೇಳಿದ್ದಾಳಂತೆ, ‘ಹೋಗಲಿ ಬಿಡಿ, ಪೀಡೆ ತೊಲಗಿತು’ ಅಂತೆ.

ಗಮನಪ್ಪನವರಿಗೆ ಅನ್ನ ಇಳಿಯಲಿಲ್ಲ. ಒಂದು ಉಪಾಯವೂ ಹೊಳೆದಿತ್ತು, ಅದನ್ನು ಹೆಂಡತಿಗೆ ಹೇಳಿದರು: “ತಪ್ಪುಗಳನ್ನ ಕಂಪ್ಯೂಟರೇ ಪತ್ತೆ ಹಚ್ಚುತ್ತೆ, ಹೊಸ ತಂತ್ರಜ್ಞಾನ ಅಂತ ಒಂದು ಸುತ್ತೋಲೆ ಕಳಿಸಿಬಿಟ್ರೆ? ಅವಳೂ ಉಳೀತಾಳೆ, ನಾನೂ ಉಳೀತೀನಿ.”

“ನೀವು ಉಳಿಯೋದು ಯಾತಕ್ಕೆ?” ಎಂದಳು ಹೆಂಡತಿ.

ಹೆಂಡತಿಯ ಮಾತು ಹಾಗೆಯೇ, ಕತ್ತರಿಯ ಕೆಲಸದವಳು. ಅವರಿಗೆ ಕುರ್ಚಿಯ ಚಿಂತೆ ಅಷ್ಟಿರಲಿಲ್ಲ. ಆ ಗುಂಪು ಹೋದರೆ ಮತ್ತೆ ಚಪ್ಪಾಳೆಯ ಲೋಕವೇ ಗತಿ, ಇನ್ನು ಯಾರೂ ಏನೂ ಹೇಳುವುದಿಲ್ಲ, ಅದೇ ಸಂಕಟ. ಅಣ್ಣ ಎಂಬ ಹೆಸರೂ ಹೋಗುತ್ತದೆ. ಅದರ ಆಸೆಗೆ ಒಬ್ಬಳ ಅನ್ನದ ತಟ್ಟೆಯ ಸುತ್ತ ಜನವಿಲ್ಲದಂತೆ ಮಾಡಿದ್ದರು.

ಬೆಳಗ್ಗೆ ಕೋಣೆಯಲ್ಲಿ ಕೂತು, ಎಂದೂ ಬರೆಯದಿದ್ದ ಆ ಗುಂಪಿನಲ್ಲಿ ಬರೆದರು: ‘ನಾನು ಪ್ರಿಂಟರ್ ರಿಪೇರಿಯವನಲ್ಲ. ನಾಲ್ಕನೇ ಮಹಡಿಯ ಗಮನಪ್ಪ. ತಪ್ಪಿ ಇಲ್ಲಿಗೆ ಬಂದೆ, ಗೊತ್ತಿದ್ದೂ ಕೂತೆ. ನಿಮ್ಮ ಮಾತು ಕದ್ದು ಓದಿದವನು ನಾನೊಬ್ಬನೇ. ಕೌಂಟರಿನವರು ಯಾರಿಗೂ ಏನೂ ಹೇಳಿಲ್ಲ. ಇಲ್ಲಿ ಓದಿದ್ದರಲ್ಲಿ ಕಂಪ್ಯೂಟರಿನ ದೂರು ಬಿಟ್ಟು ಬೇರೇನನ್ನೂ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಕ್ಷಮಿಸಿ.’

ಒಬ್ಬೊಬ್ಬರೇ ಓದಿದ ಗುರುತು ಬಂತು. ಸ್ವಲ್ಪ ಹೊತ್ತಿಗೆ ‘ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ’ ಎಂದಿತು ಮೊಬೈಲು. ತೆಗೆದದ್ದು ಸರಿ ಎಂದೇ ಅವರಿಗೆ ಅನಿಸಿತು, ಆದರೂ ಕಣ್ಣು ಮಂಜಾಯಿತು.

ಊಟದ ಹೊತ್ತಿಗೆ ಕೌಂಟರಿಗೆ ಇಳಿದು ಹೋದರು. ಆಕೆಗೆ ಸುದ್ದಿ ಆಗಲೇ ಮುಟ್ಟಿತ್ತು. ಇವರು ಕ್ಷಮೆಯ ಮಾತು ಶುರುಮಾಡುವ ಮೊದಲೇ ತಡೆದಳು.

“ನನ್ನ ತಮಾಷೆ ಎಲ್ಲಾ ಓದಿದ್ರಾ ಸರ್?”

“ಓದಿದೆ. ಮನೇಲೂ ಓದಿ ನಕ್ಕಿದೀವಿ.”

“ನೀವು ನಕ್ಕಿದ್ರಿ, ನಾನು ಶೌಚಾಲಯದಲ್ಲಿ ಬಾಗಿಲು ಹಾಕ್ಕೊಂಡು ಅಳ್ತಾ ಇದ್ದೆ. ನೀವು ಹೇಳ್ಕೊಂಡಿದ್ದು ಒಳ್ಳೇದಾಯ್ತು. ಆದ್ರೆ ಅವ್ರು ನನ್ನನ್ನ ಒಂದ್ ಮಾತೂ ಕೇಳ್ದೆ ದೂರ ಮಾಡಿದ್ರಲ್ಲ, ಅದು ನಿಮ್ಮ ಮೆಸೇಜಿಂದ ಸರಿಹೋಗಲ್ಲ ಸರ್.”

“ಹೌದು” ಎಂದರು ಗಮನಪ್ಪ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. “ಊಟ ಆಯ್ತಾ?”

“ಕ್ಯಾಂಟೀನಿಗೆ ಹೋಗೋದು ಬಿಟ್ಟಿದೀನಿ.”

“ನಾನು ಹೋಗೇ ಇಲ್ಲ ಇವತ್ತಿನವರೆಗೆ. ಇಬ್ರೂ ಹೋಗೋಣ.”

ಆಕೆ ಕೌಂಟರಿನ ಕಿಟಕಿ ಮುಚ್ಚಿದಳು.

ಕ್ಯಾಂಟೀನಿನ ಗದ್ದಲ ಇವರಿಬ್ಬರೂ ಒಳಗೆ ಕಾಲಿಟ್ಟದ್ದೇ ನಿಂತಿತು. ನಡುವಿನ ಮೇಜಿನ ಬೆಂಚಿನ ಮೇಲೆ ಕೂತರು. ಸುತ್ತ ನಾಲ್ಕು ಮೇಜಿನವರ ಕಣ್ಣೂ ಇವರ ತಟ್ಟೆಯೊಳಗೇ ಇತ್ತು. ಆಕೆ ಅನ್ನ ಕಲಸುತ್ತಲೇ ಇದ್ದಳು. ಯಾರೂ ಬರಲಿಲ್ಲ. ಸಾಕು, ಎದ್ದುಬಿಡೋಣ ಎಂದು ಆಕೆ ಮೆಲ್ಲಗೆ ಹೇಳಿದಳು. ಇವರು ಅಲ್ಲಾಡಲಿಲ್ಲ.

ಕೊನೆಗೆ ಔಷಧ ವಿಭಾಗದಾಕೆ ತಟ್ಟೆ ಹಿಡಿದು ಬಂದು ನಿಂತಳು. ಗಮನಪ್ಪನವರತ್ತ ತಿರುಗಿಯೂ ನೋಡಲಿಲ್ಲ.

“ನನ್ನ ಮೇಲೆ ಕೋಪ ಇದ್ಯಾ?” ಎಂದು ಕೌಂಟರಿನಾಕೆಯನ್ನು ಕೇಳಿದಳು.

“ಇದೆ.”

“ಇರಬೇಕು. ನಾನೇ ತೆಗೆದಿದ್ದು ನಿನ್ನ. ಕೋಪ ಇಟ್ಕೊಂಡೇ ಸ್ವಲ್ಪ ಸರಿದು ಕೂತ್ಕೋತೀಯಾ?”

ಕೌಂಟರಿನಾಕೆ ತಲೆ ಎತ್ತಲಿಲ್ಲ. ಕಣ್ಣೀರು ಟಪ್ಪನೆ ಅನ್ನದ ಮೇಲೆ ಬಿತ್ತು. ಎಡಗೈಯಲ್ಲಿ ಒರೆಸಿಕೊಂಡಳು, ಆಮೇಲೆ ಸರಿದು ಕೂತಳು. ಬೆಂಚು ಉದ್ದದ್ದೇನೂ ಅಲ್ಲ. ಗಮನಪ್ಪನವರೂ ತಮ್ಮ ತಟ್ಟೆಯನ್ನು ಎಳೆದುಕೊಂಡು ಅಂಚಿಗೆ ಸರಿದರು.