ವಡಾಲದಲ್ಲಿ ರೋಮ ಪತನ

ನಾನು ಕೊಟ್ಟ ಶೀರ್ಷಿಕೆ ‘ರೋಮ್ ಪತನ ಮತ್ತು ಹೊಸ ರೋಮ್’. ಕೈಯಾರೆ, ದುಂಡಗೆ ಬರೆದು ಕೊಟ್ಟಿದ್ದೆ. ಮುಂಬಯಿಯ ವಡಾಲದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ವಾಟ್ಸಾಪಿನಲ್ಲಿ ಹಂಚಿದ ಆಮಂತ್ರಣದಲ್ಲಿ ಅದು ‘ರೋಮ ಪತನ ಮತ್ತು ಹೊಸ ರೋಮ’ ಆಗಿತ್ತು. ರೋಮ ಎಂದರೆ ಕೂದಲು. ಅದೂ ತಲೆಯದ್ದಲ್ಲ, ಮೈಮೇಲಿನದು.

ಸಿಟ್ಟಿನಿಂದ ಫೋನ್ ಮಾಡಿದೆ.

“ಮಿಸ್ಟೇಕ್ ಅಲ್ಲ ಮೇಡಂ, ನಾನೇ ತಿದ್ದಿದ್ದು,” ಎಂದರು ಹೆಮ್ಮೆಯಿಂದ. “ಕನ್ನಡದ ಶಬ್ದ ವ್ಯಂಜನದಲ್ಲಿ ಮುಗಿಯುವುದುಂಟಾ? ಕೊನೆಗೆ ಸ್ವರ ಬೇಕಲ್ಲ?”

“ಅದು ಊರಿನ ಹೆಸರು ಮಾರಾಯ್ರೇ!”

“ಯಾವ ಊರಾದ್ರೆ ಎಂತ? ಕನ್ನಡಕ್ಕೆ ಬಂದ ಮೇಲೆ ಕನ್ನಡದ ಹಾಗೆ ಇರಬೇಕು.”

ಈ ಕಾರ್ಯದರ್ಶಿಗಳ ಮೊಮ್ಮಕ್ಕಳು ಅವರನ್ನೇ ಹಿಂದಿಯಲ್ಲಿ ‘ದಾದಾಜಿ’ ಎಂದು ಕರೆಯುತ್ತಾರೆ. ಕನ್ನಡ ಉಳಿಸಲು ಅವರಿಗೆ ಸಿಕ್ಕಿದ್ದು ನನ್ನ ಒಂದು ಮಕಾರ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಆಗಲಿಲ್ಲ, ಏಕೆಂದರೆ ಉಪನ್ಯಾಸ ಕೇಳಲು ನನ್ನ ಯಜಮಾನರು ಬರುವವರಿದ್ದರು. ಬಾಂದ್ರಾದ ಕಾಲೇಜಿನಲ್ಲಿ ಮೂವತ್ತು ವರ್ಷ ನಾನು ಇತಿಹಾಸ ಕಲಿಸಿದೆ, ಇಂಗ್ಲಿಷಿನಲ್ಲಿ. ಅಷ್ಟೂ ವರ್ಷ ಇವರು ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ನಾನು ಏನು ಪಾಠ ಮಾಡುತ್ತೇನೆಂದು ಒಂದು ದಿನವೂ ಕೇಳಿದವರಲ್ಲ. ಯಾರಾದರೂ ವಿಚಾರಿಸಿದರೆ, “ಸತ್ತ ರಾಜರದ್ದು ಎಂತದೋ ಹೇಳಿಕೊಡ್ತಾಳೆ” ಎಂದು ನಗುತ್ತಿದ್ದರು. ನನಗೆ ಅದು ನೋಯುತ್ತಿತ್ತು. ಅವರ ಭಾಷೆಯಲ್ಲಿ ಹೇಳಿದರೆ ಒಮ್ಮೆಯಾದರೂ ಕಿವಿಗೊಟ್ಟು ಕೇಳಿಯಾರು ಎಂಬ ಆಸೆಯಿಂದಲೇ ಈ ಉಪನ್ಯಾಸ ಒಪ್ಪಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ, ಹತ್ತು ಜನ ಸೇರಿದರೆ ಹೆಚ್ಚೆನ್ನುವ ಸಭೆಗೆ ಮೂವತ್ತು ನಲವತ್ತು ಜನ. ಕಾರ್ಯದರ್ಶಿಗಳು ಮದುವೆಮನೆಯ ಯಜಮಾನನಂತೆ ಓಡಾಡುತ್ತಿದ್ದರು. ವಿಕ್ರೋಳಿಯಿಂದ ಬಂದಿದ್ದ ವಿಜಯಪುರ ಕಡೆಯ ಹೆಂಗಸೊಬ್ಬರು ಮಗಳನ್ನು ನನ್ನ ಮುಂದೆ ತಳ್ಳಿದರು.

“ಅಕ್ಕಾರ, ಬಾಚಿದ್ರ ಮುಷ್ಟಿ ಮುಷ್ಟಿ ಬರ್ತಾವ್ರಿ. ಹೊಸಾವು ಬರಾಕ ಏನ್ ಹಚ್ಚಬೇಕ್ರಿ?”

ಇದು ಕೂದಲಿನ ವಿಷಯವಲ್ಲ, ಹಳೆಯ ಕಾಲದ ಒಂದು ರಾಜ್ಯದ ವಿಷಯ ಎಂದೆ.

“ಕುರ್ಲಾದಾಗ ಗಾಡಿ ಬದಲಿ ಮಾಡಿ ಬಂದೇವ್ರಿ,” ಎಂದರು ಅವರು. ಮಗಳು ಮೊಬೈಲ್ ತೆಗೆದು ಕುಳಿತಳು. ನನ್ನ ಯಜಮಾನರು ಕೊನೆಯ ಸಾಲಿನಲ್ಲಿ ಫ್ಯಾನಿನ ಕೆಳಗೆ ಜಾಗ ಹಿಡಿದು ಆಗಲೇ ಕಣ್ಣು ಮುಚ್ಚಿದ್ದರು. ನನಗೆ ಮೈಯೆಲ್ಲ ಉರಿಯಿತು.

ಆದರೂ ಹೇಳಿದೆ. ರೋಮ್ ಬಿತ್ತು ಎನ್ನುವುದು ಪಶ್ಚಿಮದ ಅರ್ಧದ ಕತೆ ಮಾತ್ರ. ಪೂರ್ವದ ಅರ್ಧ ಕಾನ್‌ಸ್ಟಾಂಟಿನೋಪಲ್ ಎಂಬ ಹೊಸ ರಾಜಧಾನಿಯಲ್ಲಿ ಶಿಲುಬೆಯನ್ನು ನಂಬಿಕೊಂಡು ಮತ್ತೂ ಸುಮಾರು ಸಾವಿರ ವರ್ಷ ಬಾಳಿತು. ಅಲ್ಲಿಯವರು ಆಡುತ್ತಿದ್ದದ್ದು ಗ್ರೀಕ್, ಪೂಜಿಸುತ್ತಿದ್ದದ್ದು ಕ್ರಿಸ್ತನನ್ನು, ಪಾಲಿಸುತ್ತಿದ್ದದ್ದು ರೋಮಿನ ಕಾನೂನು. ಕೊನೆಯ ದಿನದವರೆಗೂ ಅವರು ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ‘ಬೈಜಾಂಟೈನ್’ ಎಂಬ ಹೆಸರು ಅವರ ರಾಜ್ಯ ಮುಗಿದ ಮೇಲೆ ಪಶ್ಚಿಮದ ಪಂಡಿತರು ಇಟ್ಟದ್ದು. ಇಷ್ಟು ಹೇಳುವುದರೊಳಗೆ ಅರ್ಧ ಸಭೆ ಎದ್ದು ಹೋಗಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಇನ್ನೂ ಅರ್ಧ ಗಂಟೆ ಮಾತಾಡಿದೆ.

ವಂದನಾರ್ಪಣೆಯಲ್ಲಿ ಕಾರ್ಯದರ್ಶಿಗಳು “ರೋಮದ ಕುರಿತು ರೋಮಾಂಚಕ ಉಪನ್ಯಾಸ” ಎಂದರು. ಉಳಿದವರು ಚಪ್ಪಾಳೆ ತಟ್ಟಿದರು.

ಸ್ಟೇಷನ್ನಿನ ದಾರಿಯುದ್ದಕ್ಕೂ ನಾನು ಒದರುತ್ತಲೇ ಇದ್ದೆ. ಆ ಮನುಷ್ಯನಿಗೆ ಏನು ಧಾಡಿ? ಒಂದು ಹೆಸರನ್ನು ಇದ್ದ ಹಾಗೆ ಬಿಡಲು ಕೈ ನೋಯುತ್ತದೆಯೇ? ಬ್ರಿಜ್ಜಿನ ಮೆಟ್ಟಿಲು ಹತ್ತುವಾಗ ಯಜಮಾನರು ನಿಂತರು.

“ಒಂದು ಕೇಳ್ಲಾ? ಆ ಜನ ತಮ್ಮನ್ನು ರೋಮನ್ನರು ಅಂತಲೇ ಹೇಳ್ತಿದ್ರು ಅಂದಿಯಲ್ಲ?”

ನನ್ನ ಕಣ್ಣು ತುಂಬಿ ಬಂತು. ಇವರು ನಿದ್ದೆ ಮಾಡಿರಲಿಲ್ಲ. ಕೇಳಿದ್ದರು.

“ಹೌದು,” ಎಂದೆ.

“ಮತ್ತೆ ಕಾಲೇಜಲ್ಲಿ ಮಕ್ಕಳಿಗೆ ನೀನು ಎಂತ ಅಂತ ಕಲಿಸಿದ್ದು?”

“ಬೈಜಾಂಟೈನ್.”

“ಮೂವತ್ತು ವರ್ಷವೂ?”

“ಪರೀಕ್ಷೆಯಲ್ಲಿ ಹಾಗೇ ಕೇಳ್ತಿದ್ರು.”

“ಅಲ್ಲ ಮಾರಾಯ್ತಿ, ಅವರ ಹೆಸರು ಅವರೇ ಹೇಳಿದ್ದಾರೆ ಅಂತ ಗೊತ್ತಿತ್ತಲ್ಲ ನಿನಗೆ?”

ಕೇಳಿದ್ದರಲ್ಲಿ ಕುಹಕವಿರಲಿಲ್ಲ, ಇವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. ಕಾಲೇಜಿನಲ್ಲಿ ಯಾವ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಇವರು ಒಮ್ಮೆ ನನ್ನ ಮಾತು ಕೇಳಲಿ ಎಂದು ಮೂವತ್ತು ವರ್ಷ ಹಂಬಲಿಸಿದವಳು ನಾನು. ಆ ಮೆಟ್ಟಿಲ ಮೇಲೆ ನಿಂತು, ಇವರು ಗೊರಕೆ ಹೊಡೆದಿದ್ದರೇ ಚೆನ್ನಾಗಿತ್ತು ಅಂದುಕೊಂಡೆ.